ಚಕಾರ

ನಾಲ್ಕನೆಯ ಸಲ ಪಟ್ಟಿ ಬರೆದೆ, ಚೌಕುಳಿ ಗೆರೆಯ ಪುಸ್ತಕದಲ್ಲಿ.
ಮೂವತ್ತೊಂದು ವರ್ಷ ಬೇಕರಿಯ ಲೆಕ್ಕ ಬರೆದ ಕೈ;
ಕಾಸಿಗೆ ತಕ್ಕ ಕಜ್ಜಾಯ ಯಾವುದೆಂದು ಇದಕ್ಕೆ ಹೇಳಿಕೊಡಬೇಕಿಲ್ಲ.
ಆದರೆ ಸದ್ದನ್ನು ಯಾವ ಸೇರಿನಲ್ಲಿ ಅಳೆಯುವುದು?

ಸಬ್‌ವೂಫರು: ಸಾವಿರದ ಒಂಬೈನೂರು ಝ್ವೋಟಿ.
ಸೂರಿಗೆ ತೂಗುವ ನಾಲ್ಕು ಸ್ಪೀಕರು: ಬೆಲೆಯ ಜಾಗದಲ್ಲಿ ಒಂದು ನಿಟ್ಟುಸಿರು.
ತುದಿಗೆ ಚಿನ್ನ ಬಳಿದ ಕೇಬಲ್ಲು, ಮೂರು ಮೀಟರು:
ಹಾಲಿನಾಳ ಮದುವೆಯುಂಗುರಕ್ಕಿಂತ ತುಸು ಹೆಚ್ಚು.
ನಡುವಿನ ಸ್ಪೀಕರು, ಮಾತಿಗೆ ಮೀಸಲು: ಆರುನೂರ ನಲವತ್ತು.

ಅಂಗಡಿಯಲ್ಲಿ ಕಾಯೆತಾನ್ ಎಂಬ ಹುಡುಗ
ನಮ್ಮ ತಲೆಯ ಮೇಲೆ ಮಳೆ ಸುರಿಸಿದ,
ಎಡಗಿವಿಯಿಂದ ಬಲಗಿವಿಗೆ ಹೆಲಿಕಾಪ್ಟರು ಹಾರಿಸಿದ.
ನಾನು ಕತ್ತು ತಗ್ಗಿಸಿದೆ. ಹಾಲಿನಾ ನೋಡುತ್ತಿದ್ದಳು
ಹುಡುಗನ ತುಟಿಗಳನ್ನು.
ಸಬ್‌ವೂಫರು ಗುಡುಗಿದಾಗ ಮಾತ್ರ
ಒಂದು ಪಾದವನ್ನು ಬೂಟಿನಿಂದ ಹೊರತೆಗೆದು
ನೆಲಕ್ಕೂರಿದಳು. 'ಮಗ್ಗ,' ಅಂದಳು.
ಅದು ಹೊಗಳಿಕೆಯೋ ದೂರೋ, ತಿಳಿಯಲಿಲ್ಲ.

ಅವಳು ನೇಯ್ದವಳು. ಇಪ್ಪತ್ತೆರಡು ವರ್ಷ,
ಕೆಂಪಿಟ್ಟಿಗೆಯ ಗಿರಣಿಯಲ್ಲಿ, ಎಂಟು ಮಗ್ಗಗಳ ನಡುವೆ.
ಅಲ್ಲಿ ಹೆಂಗಸರು ತುಟಿಯಲ್ಲೇ ಹರಟಿದರು, ತುಟಿಯಲ್ಲೇ ಜಗಳಾಡಿದರು,
ಒಬ್ಬಳ ಬಸಿರಿನ ಸುದ್ದಿಯನ್ನು ಇನ್ನೊಬ್ಬಳು
ಮೂರು ಮಗ್ಗದಾಚೆಯಿಂದ ಓದಿಕೊಂಡಳು.
ಗಿರಣಿ ಮುಚ್ಚಿತು. ಮಗ್ಗಗಳನ್ನು ಗುಜರಿಗೆ ತೂಗಿದರು.
ಅವಳ ಕಿವಿಯಿಂದ ಹೋದದ್ದನ್ನು ಯಾರೂ ತೂಗಲಿಲ್ಲ:
ಸಕಾರ, ಶಕಾರ, ಚಕಾರ.
ಅವನ್ನು ತೆಗೆದರೆ ನಮ್ಮ ಪೋಲಿಷ್
ಉಪ್ಪು ಮರೆತ ಹಿಟ್ಟು.
ವೂಚ್ ಎಂಬ ಈ ಊರೇ ಅವಳಿಗೆ ಬರೀ 'ವೂ',
ಯಾರೋ ದೂರದಲ್ಲಿ ಬಿಸಿ ಚಹಾಕ್ಕೆ ಊದಿದ ಹಾಗೆ.

ಪರದೇಶದ ಸಿನಿಮಾಕ್ಕೆ ನಮ್ಮ ಟೀವಿಯಲ್ಲಿ ಒಬ್ಬನೇ ಗಂಡಸು
ಎಲ್ಲರ ಮಾತನ್ನೂ ಓದುತ್ತಾನೆ, ಒಂದೇ ದನಿಯಲ್ಲಿ:
ಕೊಲೆಗಾರನದು, ಕೂಸಿನದು, ಮುತ್ತಿಡುವವಳದು.
ಅವನಿಗೆ ಮುಖವಿಲ್ಲ. ಮುಖವಿಲ್ಲದವನಿಗೆ ತುಟಿಯೆಲ್ಲಿ?
'ಏನಂದ?' ಅನ್ನುತ್ತಿದ್ದಳು. ನಾನು ಹೇಳುವಷ್ಟರಲ್ಲಿ
ಮುಂದಿನ ಮಾತು ಹೋಗಿರುತ್ತಿತ್ತು.
ಈಚೆಗೆ ಕೇಳುವುದನ್ನೂ ಬಿಟ್ಟಳು. ಚಕಾರವೆತ್ತದೆ
ಕೊನೆಯವರೆಗೂ ಕೂರುತ್ತಾಳೆ,
ನಾನು ನಕ್ಕಾಗ ನಗುತ್ತಾಳೆ.

ಅದಕ್ಕೇ ಈ ಪಟ್ಟಿ.
ಸೂರಿನ ಮಳೆಯನ್ನು ಹೊಡೆದುಹಾಕಿದೆ; ಕಿಟಕಿಯಾಚೆ ಇರುವುದೇ ಸಾಕು.
ಚಿನ್ನದ ಕೇಬಲ್ಲನ್ನು ಕಾಯೆತಾನನೇ ಹೊಡೆದ,
ಮಾಲೀಕ ಊಟಕ್ಕೆ ಹೋಗಿದ್ದಾಗ, ನನ್ನದೇ ಪೆನ್ಸಿಲ್ಲಿನಲ್ಲಿ.
ನಡುವಿನ ಸ್ಪೀಕರು ತಂದೆವು. ಕಪಾಟಿನ ಮೇಲಿಟ್ಟರೆ
ಮಾತೆಲ್ಲ ಸೂರಿಗೆ ಹೋಯಿತು. ಕೆಳಗಿಳಿಸಿ,
ಬಾಗಿಲಿಗೆ ಕೊಡುವ ಮರದ ಬೆಣೆ ತುರುಕಿ,
ಅವಳ ಕಿವಿಯತ್ತ ಅದರ ಮುಖ ಎತ್ತಿಸಿದೆ.
ಆದರೂ ಬರಿಗೋಡೆ ಪ್ರತಿ ಪದವನ್ನೂ ಎರಡು ಸಲ ಆಡುತ್ತಿತ್ತು.

ನೆಲಮಾಳಿಗೆಗೆ ಇಳಿದುಹೋದವಳು ಏದುತ್ತ ಬಂದಳು,
ಹೆಗಲ ಮೇಲೆ ಉಣ್ಣೆಯ ಥಾನು:
ಗಿರಣಿಯವರು ಕೊನೆಯ ತಿಂಗಳ ಸಂಬಳದ ಬದಲು ಕೊಟ್ಟದ್ದು,
ಬೂದು ಬಣ್ಣ, ನುಸಿಗುಳಿಗೆಯ ವಾಸನೆ, ಅವಳದೇ ನೇಯ್ಗೆ.
ಗೋಡೆಗೆ ಜಡಿದೆವು.
ಬರೆದುಕೊಂಡೆ: ಹನ್ನೆರಡು ಮೊಳೆ.

ಸಂಜೆ ಮುಖವಿಲ್ಲದವನು ಓದಿದ.
ಯಾರೋ ಯಾರನ್ನೋ ಬಿಟ್ಟು ಹೊರಟಿದ್ದರು.
'ಚೆಕಾಯ್' ಅಂದ, ತಾಳು ಅಂತ.
ನಾನು ಅವಳತ್ತ ತಿರುಗಲಿಲ್ಲ;
ತಕ್ಕಡಿಯ ಮುಳ್ಳು ನಿಲ್ಲುವ ಮುನ್ನ ನೋಡಬಾರದು.
ಬಹಳ ಹೊತ್ತಿನ ಮೇಲೆ ಅವಳೆಂದಳು:
'ಇವನಿಗೆ ನೆಗಡಿಯಾಗಿದೆ.'
ಹೌದು, ಆಗಿತ್ತು. ಎರಡೂ ಕಿವಿ ನೆಟ್ಟಗಿರುವ ನನಗೆ
ಅಲ್ಲಿಯವರೆಗೂ ಗೊತ್ತಾಗಿರಲಿಲ್ಲ.

ಸಬ್‌ವೂಫರಿನ ಸಾಲು ಮಾತ್ರ ಹಾಗೇ ಇದೆ,
ಹೊಡೆದಿಲ್ಲ, ಒಪ್ಪಿಲ್ಲ.
ಕೆಳಮನೆಯ ವಿಯೆಸ್ವಾವಾ ಬಿಸಿನೀರಿನ ಕೊಳವೆ ಬಡಿಯುತ್ತಾಳೆ
ಅನ್ನುವುದು ನೆಪ.
ಅವಳ ಕಿವಿ ತಿಂದ ಸದ್ದನ್ನೇ ದುಡ್ಡು ಕೊಟ್ಟು
ಮನೆಗೆ ಕರೆತರುವುದೆ?
ಆದರೆ ಆ ಪಾದ, ಅಂಗಡಿಯ ನೆಲದ ಮೇಲೆ,
ಎಷ್ಟು ಹೊತ್ತು ಅಲ್ಲೇ ಇತ್ತು.
ಕೇಳಬೇಕು ಅವಳನ್ನು.
ದೀಪ ಹಾಕಿ, ಎದುರು ಕೂತು,
ತುಟಿ ಕಾಣುವ ಹಾಗೆ.